ವಿಷಯ: ವಿಮಾನದ ಸದ್ದು

ಊರಾಚೆ ಸಣ್ಣ ವಿಮಾನ ಹಾರಿಸಲು ಕಲಿಸುವ ಮೈದಾನದ ಸಾಹೇಬರು ನಾಲ್ಕನೆಯ ಸಲ ಹಂಪವ್ವನ ಮನೆಗೆ ಬಂದರು. ಯಾರೂ ಹೇಳದಿದ್ದರೂ ಬೂಟು ಹೊರಗೆ ಬಿಟ್ಟು, ಅವಳೆದುರು ನೆಲದ ಮೇಲೆಯೇ ಕುಳಿತರು. ಹಂಪವ್ವ ಮಜ್ಜಿಗೆ ಕೊಟ್ಟಳು.

“ದೂರು ವಾಪಸ್ ತಗೊಳ್ಳಿ, ಅಮ್ಮಾ. ಈ ಕಾಗದಕ್ಕೊಂದು ಸಹಿ ಹಾಕಿದ್ರೆ ಸಾಕು.”

“ತಗೊಳ್ಳಂಗಿಲ್ರಿ. ಬೇಕಾದ್ರ ಇನ್ನೊಂದು ಲೋಟ ಮಜ್ಜಿಗಿ ತಗೋರಿ.”

“ಸದ್ದು ಜಾಸ್ತಿ ಅಂತ ನಿಮ್ಮೂರ ಸಾಹುಕಾರರು ಹೇಳಿದ ಮಾರನೇ ದಿನವೇ ವಿಮಾನದ ದಾರಿ ಬದಲಿಸಿದ್ವಿ. ಊರೆಲ್ಲ ಸುಮ್ಮನಾಗಿದೆ. ನಿಮ್ಮೊಬ್ಬರ ದೂರೇ ಉಳಿದಿರೋದು.”

“ಊರಿಗೆ ಸುಖ ಆಗಿರಬೋದು. ನನ್ನ ಹೊಲ ಹಾಳಾತಲ್ಲ? ಮೂರು ವಾರದಾಗ ಅರ್ಧ ಜ್ವಾಳ ಹೋತು.”

“ಮೂರು ವಾರದಿಂದ ನಿಮ್ಮ ಹೊಲದ ಮೇಲೆ ಒಂದು ವಿಮಾನವೂ ಹಾರಿಲ್ಲವಲ್ಲಮ್ಮಾ! ನಿಮ್ಮ ಹಟಕ್ಕೆ ಸಾಹುಕಾರರಿಗೆ ಸಿಟ್ಟು ಬಂದಿದೆ, ಗೊತ್ತಾ?”

“ಬರಲಿ ಬಿಡ್ರಿ. ಅವರ ಸಿಟ್ಟಿಗೆ ಹೆದರಿ ನಾ ಸಹಿ ಹಾಕಾಕಿ ಅಲ್ಲ. ನಾಲ್ಕು ಸಲ ಬಂದ್ರಿ, ನಾ ಬರದದ್ದು ಒಮ್ಮೆರ ಓದೀರೇನು?”

ಸಾಹೇಬರು ತಲೆ ತಗ್ಗಿಸಿದರು. ‘ವಿಷಯ: ವಿಮಾನದ ಸದ್ದು’ ಎಂಬ ಮೊದಲ ಸಾಲಿನಾಚೆಗೆ ಅವರ ಕಚೇರಿಯಲ್ಲಿ ಯಾರೂ ಓದಿರಲಿಲ್ಲ. ಲೋಟ ಕೆಳಗಿಟ್ಟು, ಜೇಬಿನಿಂದ ಅವಳ ದೂರಿನ ಅರ್ಜಿ ತೆಗೆದು ಮಡಿಕೆ ಬಿಚ್ಚಿದರು.

‘ಮುಂಜಾನೆ, ಸಂಜೆ ನಿಮ್ಮ ವಿಮಾನ ಬರುತ್ತಿದ್ದಾಗ ಗಿಳಿಗಳು ನನ್ನ ಹೊಲಕ್ಕೆ ಇಳಿಯುತ್ತಿರಲಿಲ್ಲ. ಕವಣೆ ಬೀಸಲು ನನಗೀಗ ಕೈ ಏಳುವುದಿಲ್ಲ. ದಯವಿಟ್ಟು ಮೊದಲಿನಂತೆ ಸದ್ದು ಮಾಡಬೇಕು.’