ಕೊಲ್ಲಿ ಕೊಡದ ಹೆಣಗಳು

ಹದ್ದುಗಳು ಒಮ್ಮೆಲೇ ಕೆಳಗಿಳಿದವು. ಹುಲಿಯಪ್ಪ ಬಂಡೆಯಿಂದ ಬಂಡೆಗೆ ಹಾರುತ್ತ ಓಡಿದ. ಅಲೆ ತಂದು ಹಾಕಿದ್ದು ಸತ್ತ ಕಡಲಾಮೆ. ಕಾಲಿನಿಂದ ಅದನ್ನು ಮಗುಚಿ ನೋಡಿ, ಮರಳಿ ಬಂದು ಕುಳಿತ.

1958ರ ಡಿಸೆಂಬರ್. ಹೊನ್ನಾವರದಿಂದ ಎಂಟು ಮೈಲಿ ದೂರದ ಈ ಕೊಲ್ಲಿಗೆ ಜನ ಬರುತ್ತಿದ್ದುದು ಚೆಲುವು ನೋಡಲು. ಕಪ್ಪು ಬಂಡೆಗಳು, ಅವುಗಳ ಸಂದಿಯಲ್ಲಿ ಆಡುವ ನೀರುನಾಯಿಗಳು, ಸಂಜೆ ಗುಂಪಾಗಿ ನೀರಿನಿಂದ ನೆಗೆಯುವ ಹಂದಿಮೀನುಗಳು. ಹುಲಿಯಪ್ಪ ದಾವಣಗೆರೆಯಿಂದ ಬಂದದ್ದು ಹೆಣ ಹುಡುಕಲು.

ತಂಗಿ ದ್ಯಾಮವ್ವ ಅಪ್ಪ ಒಪ್ಪದ ಹುಡುಗನ ಜೊತೆ ಊರು ಬಿಟ್ಟು ಹನ್ನೆರಡು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಇಬ್ಬರ ಚಪ್ಪಲಿಗಳೂ ಒಂದು ಚೀಟಿಯೂ ಇದೇ ಬಂಡೆಯ ಮೇಲೆ ಸಿಕ್ಕಿದ್ದವು. ಮುಳುಗಿ ಸತ್ತರೆಂದು ಪೊಲೀಸರು ಬರೆದುಕೊಂಡರು.

ಹುಲಿಯಪ್ಪನಿಗೆ ಗೊತ್ತಿದ್ದ ನೀರು ಹರಿಹರದ ಹೊಳೆಯೊಂದೇ. ಅಲ್ಲಿ ಬಿದ್ದದ್ದು ಕೆಳಗೆ ಸಾಗುತ್ತದೆ, ಬಿದ್ದ ಕಡೆಗೆ ಮರಳುವುದಿಲ್ಲ. ಈ ಕೊಲ್ಲಿ ಹಾಗಲ್ಲ ಎಂದರು ಮೀನುಗಾರರು. ನುಂಗಿದ್ದನ್ನು ಮೂರು ದಿನದೊಳಗೆ ಇದೇ ಮರಳಿಗೆ ತಂದು ಹಾಕುತ್ತದೆ.

ಇಂದು ಗುರುವಾರ. ಮರಳು ಖಾಲಿಯಿತ್ತು.

ಚಹಾದಂಗಡಿಯ ಖತೀಜಾಬೀ ಲೋಟ ತಂದಿಟ್ಟಳು. ಅವಳ ತವರು ಹರಿಹರ.

"ಕುಡಿ ತಮ್ಮಾ. ಹೊಟ್ಟೆ ಏನು ಪಾಪ ಮಾಡೈತೆ?"

"ಬ್ಯಾಡ ಬೂಬಮ್ಮ."

"ನಮ್ಮ ಕಡೆಯವ ನನ್ನ ಅಂಗಡಿ ಮುಂದೆ ಉಪವಾಸ ಬಿದ್ದಿದ್ದ ಅಂದ್ರೆ, ತವರಿಗೆ ಹೆಂಗೆ ಮುಖ ತೋರಿಸಲಿ?"

"ಹೆಣ ಕಂಡ್ರೆ ಹೋಗ್ತೀನಿ. ಕಾಣದೆ ನಮ್ಮಪ್ಪಗೆ ನಿದ್ದೆ ಬರಂಗಿಲ್ಲ." ಲೋಟ ಬದಿಗೆ ಸರಿಸಿ ಹೇಳಿದ, "ನಾನೇ ಎತ್ತಿ ಆಡಿಸಿದ ಕೂಸು ಅದು."

ಅವನ ಕಣ್ಣು ಒದ್ದೆಯಾಗಿತ್ತು. ಖತೀಜಾಬೀ ಸುತ್ತ ನೋಡಿ ದನಿ ತಗ್ಗಿಸಿದಳು.

"ಅಳಬ್ಯಾಡ. ಸತ್ತಿಲ್ಲ ಅವರು. ಶನಿವಾರ ನನ್ನ ಮನ್ಯಾಗೆ ಉಂಡು, ಅಂಕೋಲಕ್ಕೆ ನಮ್ಮ ನಾದಿನಿ ಸಿದ್ದೀಕಾನ ಮನಿಗೆ ಹೋದ್ರು. ಯಾರಿಗೂ ಹೇಳಬ್ಯಾಡ ಅಂದಿದ್ದಳು. ಹೋಗೋವಾಗ 'ನಮ್ಮಣ್ಣಂದೇ ಚಿಂತಿ' ಅಂತ ಎಷ್ಟು ಅತ್ತಳು ಗೊತ್ತೇನು?"

"ಇಬ್ರೂ ಒಂದೇ ಕಡೆ ಅದಾರೇನ್ರಿ?"

"ಹ್ಞೂಂ. ಸಂತೆಪೇಟೆ ಹಿಂದೆ, ಕೊನೆ ಮನಿ."

ಹುಲಿಯಪ್ಪ ಬಗ್ಗಿ ಅವಳ ಕಾಲು ಮುಟ್ಟಿದ. ಆರಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಮಧ್ಯಾಹ್ನದ ಬಸ್ಸಿಗೆ ಹೊನ್ನಾವರ ಸೇರಿ, ದಾವಣಗೆರೆಗೆ ಅಪ್ಪನ ಹೆಸರಿಗೆ ತಂತಿ ಕೊಟ್ಟ.

"ಇಬ್ಬರೂ ಬದುಕಿದ್ದಾರೆ. ಅಂಕೋಲಕ್ಕೆ ಹೊರಟೆ. ತಿಥಿ ನಿಲ್ಲಿಸಬೇಡಿ."