ಕೈಬಿಡಬೇಕಾದ ಹೆಸರು

ಹೆಂಡತಿ ಬಸ್ಸಿಳಿದದ್ದು ತನ್ನ ಅಕ್ಕನ ಮನೆಯ ಬೀದಿಯಲ್ಲಲ್ಲ.

ಮ್ಯಾನೇಜರ್ ಎದುರಿನ ಔಷಧಿ ಅಂಗಡಿಯ ಮರೆಯಲ್ಲಿ ನಿಂತು ನೋಡಿದ. ಅಕ್ಕನಿಗೆ ಮೈ ಸರಿಯಿಲ್ಲ, ನೋಡಿಕೊಳ್ಳಬೇಕು ಎಂದು ಎರಡು ತಿಂಗಳಿಂದ ಬೆಳಿಗ್ಗೆ ಹೊರಟು ಸಂಜೆಗೆ ಬರುತ್ತಿದ್ದಳು. ಅದೇ ಅಕ್ಕ ನಿನ್ನೆ ಎರಡು ಕೈಯಲ್ಲೂ ಚೀಲ ಹಿಡಿದು, ಗುಂಡುಕಲ್ಲಿನಂತೆ ಮಾರುಕಟ್ಟೆ ಸುತ್ತುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ.

ಹೆಂಡತಿ ಗಾಜಿನ ಕಟ್ಟಡದ ಕೆಳಗಿದ್ದ ಕಾಫಿ ಅಂಗಡಿಗೆ ನುಗ್ಗಿದಳು. ಬೋಳುತಲೆಯವನೊಬ್ಬ ತಟ್ಟನೆ ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಮುಂದೆ ಬಾಗಿ ಏನನ್ನೋ ಕೇಳಿಕೊಳ್ಳುತ್ತಿದ್ದಳು. ಅವನು ಮೊದಲು ಅನುಮಾನಿಸಿದ, ಆಮೇಲೆ ತಲೆಯಾಡಿಸಿದ. ಇಬ್ಬರೂ ಒಟ್ಟಿಗೇ ಲಿಫ್ಟ್ ಹತ್ತಿದರು. ಮ್ಯಾನೇಜರ್ ರಸ್ತೆ ದಾಟಿ ಕಟ್ಟಡದ ಬಾಗಿಲಿಗೆ ಬಂದ.

"ಆ ಬೋಳುತಲೆಯವರು ಯಾರಪ್ಪಾ?" ಎಂದು ಕಾವಲುಗಾರನನ್ನು ಕೇಳಿದ.

"ಸಿಬ್ಬಂದಿ ಅಧಿಕಾರಿ ಸಾರ್. ಕೆಲಸಕ್ಕೆ ತಗೊಳ್ಳೋದು, ತೆಗೆಯೋದು ಎಲ್ಲ ಅವರ ಕೈಲೇ."

ಮ್ಯಾನೇಜರ್ ಕತ್ತೆತ್ತಿ ನಾಮಫಲಕ ಓದಿದ. ಅವನ ವಿಮಾ ಕಂಪನಿಯನ್ನು ಹೋದ ತಿಂಗಳು ಕೊಂಡುಕೊಂಡ ಸಂಸ್ಥೆ ಅದು.

ಹಾಗಾದರೆ ಪ್ರೇಮವಲ್ಲ, ಕೆಲಸ! ಒಂದು ಕ್ಷಣ ಎದೆ ಹಗುರಾಯಿತು. ಮರುಕ್ಷಣ ಮೈಯೆಲ್ಲ ಉರಿಯಿತು. ಪ್ರೇಮವಾಗಿದ್ದರೆ ಕ್ಷಮಿಸಿ ದೊಡ್ಡವನಾಗಬಹುದಿತ್ತು.

ಒಂದು ಕಾಲಕ್ಕೆ ಇಬ್ಬರೂ ಒಂದೇ ಶಾಖೆಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿದ್ದರು. ಗ್ರಾಹಕರು ಅವನ ಮೇಜು ದಾಟಿ ಅವಳ ಮುಂದೆ ಸಾಲು ನಿಲ್ಲುತ್ತಿದ್ದರು. ಮ್ಯಾನೇಜರ್ ಹುದ್ದೆ ಖಾಲಿಯಾದಾಗ ಎಲ್ಲರ ಬಾಯಲ್ಲೂ ಅವಳ ಹೆಸರೇ. "ಅವಳಿಗೆ ಮಗು ನೋಡ್ಕೊಂಡು ಮನೇಲಿರೋ ಆಸೆ ಸಾರ್, ಹೇಳೋಕೆ ಸಂಕೋಚ" ಎಂದು ಮೇಲಿನವರ ಕಿವಿಯೂದಿದವನು ಅವನೇ. ಕುರ್ಚಿ ಅವನಿಗೆ ಬಂತು. ಅವಳು ರಾಜೀನಾಮೆ ಕೊಟ್ಟಳು.

ಮೊನ್ನೆ ಊಟಕ್ಕೆ ಕೂತಾಗ ಅವಳು ಕೇಳಿದ್ದಳು. "ಹೊಸ ಕಂಪನೀಲಿ ಹೆಂಗಸಿನ ಕೈಕೆಳಗೆ ದುಡೀಬೇಕಾಗಿ ಬಂದ್ರೆ?"

"ಅದಕ್ಕಿಂತ ಮನೇಲಿ ಕೂತು ಸೊಪ್ಪು ಬಿಡಿಸ್ತೀನಿ" ಎಂದು ಅವನು ನಕ್ಕಿದ್ದ. ಅವಳು ನಕ್ಕಿರಲಿಲ್ಲ.

ಈಗ ಅದರ ಅರ್ಥ ಹೊಳೆಯಿತು. ತನ್ನದೇ ಕಂಪನಿಗೆ ಹಿಂಬಾಗಿಲಿನಿಂದ ಬಂದು ತನ್ನ ತಲೆಯ ಮೇಲೆ ಕೂರುವ ಹುನ್ನಾರ! ಅವನು ತನ್ನ ಶಾಖೆಗೆ ಹೋದ. ಕೋಣೆಯ ಬಾಗಿಲು ಹಾಕಿಕೊಂಡು ಸಿಬ್ಬಂದಿ ಅಧಿಕಾರಿಗೆ ಫೋನ್ ಹಚ್ಚಿದ.

"ಬೆಳಿಗ್ಗೆ ನಿಮ್ಮ ಜೊತೆ ಕಾಫಿ ಕುಡಿದರಲ್ಲ, ಅವರ ಗಂಡ ನಾನು."

"ಓಹೋ, ನೀವೇನಾ! ಹೇಳಿ ಹೇಳಿ."

"ಅವಳು ನಿಮ್ಮನ್ನ ಏನು ಕೇಳಿದ್ದಾಳೆ ಅಂತ ಗೊತ್ತು. ಆ ಹೆಸರು ಕೈಬಿಡಿ."

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಮೇಡಂ ತುಂಬಾ ಕಳಕಳಿಯಿಂದ ಕೇಳಿದ್ರು. ನನಗೂ ಇಲ್ಲ ಅನ್ನೋಕೆ ಆಗಲಿಲ್ಲ."

"ಅವಳು ಕೇಳ್ತಾಳೆ. ತೀರ್ಮಾನ ನಂದು."

"ಅದು ನಿಜ, ನಿಮ್ಮದೇ. ಆದ್ರೆ ಒಂದ್ಸಲ ಬಿಟ್ಟರೆ ಮತ್ತೆ ಬಾಗಿಲು ತೆರೆಯಲ್ಲ, ನೋಡಿ."

"ಅದೇ ನನಗೆ ಬೇಕಾಗಿರೋದು."

ಸಂಜೆ ಅವಳು ಬಂದಾಗ ಅವನು ಕಾಲಮೇಲೆ ಕಾಲು ಹಾಕಿ ಸೋಫಾದಲ್ಲಿ ಕೂತಿದ್ದ.

"ಅಕ್ಕ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ." ಅವಳು ಚಪ್ಪಲಿ ಬಿಟ್ಟು ಎದುರಿಗೆ ಕೂತಳು. ಮುಖದಲ್ಲಿ ಅಂಜಿಕೆಯಿರಲಿಲ್ಲ, ಬರೀ ದಣಿವಿತ್ತು.

"ನಾಟಕ ಸಾಕು. ಆ ಬೋಳುತಲೆಗೆ ಫೋನ್ ಮಾಡಿ ನಿನ್ನ ಹೆಸರು ತೆಗೆಸಿದೀನಿ."

"ಗೊತ್ತು. ನನ್ನ ಕೋಣೆಗೇ ಬಂದು ಹೇಳಿದ್ರು."

"ನಿನ್ನ ಕೋಣೆಗಾ?"

"ಆ ಸಂಸ್ಥೆ ಸೇರಿ ಎರಡು ತಿಂಗಳಾಯ್ತು, ಈ ವಲಯದ ಮುಖ್ಯಸ್ಥೆ ನಾನೇ. ನಿಮ್ಮ ಶಾಖೆ ಮುಚ್ಚುತ್ತೆ, ಯಾರನ್ನೂ ಉಳಿಸ್ಕೊಳ್ಳೋದಿಲ್ಲ. ಗಂಡನ ವಿಷಯ ನಾನು ತೀರ್ಮಾನಿಸೋ ಹಾಗಿಲ್ಲ, ನಿಮ್ಮೊಬ್ಬರನ್ನಾದರೂ ಉಳಿಸಿಕೊಡಿ ಅಂತ ಇವತ್ತು ಅವರ ಕೈಕಾಲು ಹಿಡಿದಿದ್ದೆ." ಅವಳು ಎದ್ದು, ಒಲೆ ಹಚ್ಚಲು ಒಳಗೆ ನಡೆದಳು. "ಬೇಡ ಅಂತ ನೀವೇ ಹೇಳಿದ್ರಂತೆ. ಕೆಲಸದಿಂದ ತೆಗೆಯೋರ ಪಟ್ಟಿಗೆ ಸಹಿ ಹಾಕಿ ಬಂದೆ."