ಮೊದಲಿನ ಕಳೆ

ಚರ್ಚಿನ ಹಾಡಿನ ತಂಡದ ಅಷ್ಟೂ ಜನರ ಮುಂದೆ ಕೃಪಾವತಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ನಿಮ್ಮ ಕೈಗೆ ಜಡ್ಡು ಹಿಡಿದಿದೆ ಕಣ್ರೀ! ಹಾಡಿಗೆ ಮೊದಲಿನ ಕಳೆಯೇ ಇಲ್ಲ. ಸ್ತುತಿ ಹಾಡ್ತಿದೀವೋ, ಯಾರನ್ನೋ ಮಣ್ಣು ಮಾಡೋಕೆ ಹೊರಟಿದೀವೋ ಗೊತ್ತಾಗಲ್ಲ."

ಕೀಬೋರ್ಡಿನ ಮುಂದಿದ್ದ ದೇವರಾಜ ಮೆಲ್ಲಗೆ, "ನಿನ್ನ ಗಂಟಲಿಗೆ ಹೊಂದೋ ಹಾಗೇ ನುಡಿಸ್ತಿದೀನಿ, ಕೃಪಾ," ಎಂದ.

"ನನ್ನ ಗಂಟಲಿನ ಸುದ್ದಿಗೆ ಬರಬೇಡಿ! ಈ ಭಾನುವಾರದಿಂದ ಈ ಹುಡುಗಿ ಎಸ್ತರ್ ನುಡಿಸ್ತಾಳೆ. ನೀವು ಹಿಂದೆ ಬೆಂಚಲ್ಲಿ ಕೂತ್ಕೊಳ್ಳಿ."

ಅವನು ಎದ್ದು ಕುರ್ಚಿಯನ್ನು ಎಸ್ತರಳ ಕಡೆಗೆ ಸರಿಸಿದ.

ಭಾನುವಾರ ಎಸ್ತರಳ ಬೆರಳು ಆಡುತ್ತಿದ್ದಂತೆ ಹಾಡಿಗೆ ನಿಜಕ್ಕೂ ಕಳೆ ಬಂತು. ಕೃಪಾವತಿ ಹಿಂದಿನ ಬೆಂಚನ್ನೊಮ್ಮೆ ದುರುಗುಟ್ಟಿ ನೋಡಿ ದನಿ ಎತ್ತಿದಳು. ಪಲ್ಲವಿ ದಾಟುವಷ್ಟರಲ್ಲಿ ದನಿ ಒಡೆಯಿತು. "ಹಲ್ಲೆಲೂಯ" ಅರ್ಧದಲ್ಲೇ ಕೀರಲಾಯಿತು. ಮಕ್ಕಳು ಕಿಸಕ್ಕನೆ ನಕ್ಕರು. ಪಾಸ್ಟರು ಗಡಿಬಿಡಿಯಲ್ಲಿ, "ಪ್ರಾರ್ಥಿಸೋಣ," ಎಂದುಬಿಟ್ಟರು.

ಆರಾಧನೆ ಮುಗಿದದ್ದೇ ತಡ, ಅವಳು ಕೀಬೋರ್ಡಿನ ಬಳಿಗೆ ನುಗ್ಗಿದಳು.

"ಹೊಟ್ಟೆಕಿಚ್ಚಿಗೆ ಏನೋ ಕಿತಾಪತಿ ಮಾಡಿಟ್ಟು ಹೋಗಿದಾರೆ! ಏನು ಮಾಡಿದಾರೆ ಇದಕ್ಕೆ, ಹೇಳು!"

"ಹೌದು ಆಂಟಿ, ಮಾಡಿದ್ರು," ಎಂದಳು ಎಸ್ತರ್. "ಶ್ರುತಿ ಇಳಿಸೋ ಬಟನ್ ಒತ್ತಿಟ್ಟಿದ್ರು. ಎಲ್ಲಾ ಹಾಡೂ ತಗ್ಗಿದ ಶ್ರುತೀಲೇ ಬರ್ತಿತ್ತು. ನೀವು ಕಳೆ ಇಲ್ಲ ಅಂದಿದ್ರಲ್ಲ, ಅದಕ್ಕೇ ಬೆಳಿಗ್ಗೆ ನಾನು ಅದನ್ನ ತೆಗೆದು ಸರಿ ಮಾಡಿದೆ. ಇಲ್ನೋಡಿ, ಒತ್ತಿ ಒತ್ತಿ ಬಟನ್ ಮೇಲಿನ ಅಕ್ಷರಾನೇ ಸವೆದು ಹೋಗಿದೆ."